ಓದುಗರ ಪ್ರಶ್ನೆ: ನೂರಾ ಹದಿನಾರು ಜನರ ಊರಿಗೆ ಹೊರಟವರಿಗೆ

ಪ್ರಶ್ನೆ: ಅಮೆರಿಕದ ಐಡಹೋ ರಾಜ್ಯದ ಬಾಯ್ಸಿ ನಗರದಲ್ಲಿರುವ ನಮ್ಮ ಮಗಳು, ಕೈಲ್ ಮುಹೂರ್ತ ಹಬ್ಬ ಮುಗಿಸಿಕೊಂಡು ಬನ್ನಿ, ಸೆಪ್ಟೆಂಬರ್ ಕೊನೆಯಲ್ಲಿ ಸ್ಟ್ಯಾನ್ಲಿ ಎಂಬ ಊರಿನಲ್ಲಿ ಮೂರು ದಿನ ಇರೋಣ ಎನ್ನುತ್ತಿದ್ದಾಳೆ. ನಮಗಿಬ್ಬರಿಗೂ ಅರುವತ್ತು ದಾಟಿದೆ. ತೋಟಕ್ಕೆ ಆನೆ ಬರುವ ಊರಿನವರಿಗೆ ಕಾಡೇನು ಹೊಸತು ಎಂಬುದು ನನ್ನ ಪತ್ನಿಯ ವಾದ. ನಾವು ಯಾವುದಕ್ಕೆ ಸಿದ್ಧರಾಗಬೇಕು?
– ಓದುಗರೊಬ್ಬರು, ಪೊನ್ನಂಪೇಟೆ

ಉತ್ತರ: ನಿಮ್ಮ ಪತ್ನಿಯವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಕೊಡಗಿನಲ್ಲಿ ಎಷ್ಟೇ ಒಳಗಿನ ತೋಟವಾದರೂ ಕೂಗಿದರೆ ಕೇಳುವಷ್ಟು ದೂರದಲ್ಲಿ ಕಾರ್ಮಿಕರ ಲೈನ್‌ಮನೆ ಇರುತ್ತದೆ. ಜೀಪು ಕೆಟ್ಟು ನಿಂತರೆ ಸ್ವಲ್ಪ ಹೊತ್ತಿನಲ್ಲಿ ಯಾರಾದರೂ ಬಂದು ವಿಚಾರಿಸುತ್ತಾರೆ. ಸ್ಟ್ಯಾನ್ಲಿಯಲ್ಲಿ ಆ ಭರವಸೆ ಇಲ್ಲ. 2020ರ ಜನಗಣತಿಯಲ್ಲಿ ಅಲ್ಲಿದ್ದವರು 116 ಮಂದಿ. ನಮ್ಮಲ್ಲಿ ಒಂದು ದೊಡ್ಡ ಒಕ್ಕದವರು, ಅಂದರೆ ಒಂದೇ ಮನೆತನದವರು, ತಮ್ಮ ಮೂಲಮನೆಯಾದ ಐನ್‌ಮನೆಯಲ್ಲಿ ಸೇರಿದರೆ ಅದಕ್ಕಿಂತ ಹೆಚ್ಚು ಜನರಾಗುತ್ತಾರೆ. ಊರಿನ ಉತ್ತರಕ್ಕಿರುವ ಫ್ರಾಂಕ್ ಚರ್ಚ್ ವನ್ಯಪ್ರದೇಶವೊಂದೇ ಸುಮಾರು 9,500 ಚದರ ಕಿ.ಮೀ. ಇದ್ದು, 4,102 ಚದರ ಕಿ.ಮೀ.ಯ ನಮ್ಮ ಜಿಲ್ಲೆಯ ಎರಡು ಪಟ್ಟಿಗಿಂತಲೂ ದೊಡ್ಡದು. ಅಮೆರಿಕದ 1964ರ ವನ್ಯಪ್ರದೇಶ ಕಾಯ್ದೆಯಂತೆ ಇಂತಹ ಪ್ರದೇಶಗಳಲ್ಲಿ ಹೊಸ ರಸ್ತೆ ಮಾಡುವಂತಿಲ್ಲ, ಸೈಕಲ್ ಕೂಡ ತುಳಿಯುವಂತಿಲ್ಲ. ದೇವರಕಾಡಿನಲ್ಲಿ ಕೊಡಲಿ ಎತ್ತಬಾರದೆಂಬ ಕಟ್ಟಳೆಯಲ್ಲಿ ಬೆಳೆದ ನಿಮಗೆ ಈ ನಿಯಮ ವಿಚಿತ್ರವೆನಿಸದು. ಆದರೆ ಅದನ್ನು ಯಾರೂ ಬಾಳದ ನೆಲವೆಂದು ಮಾತ್ರ ತಿಳಿಯಬೇಡಿ. ಮೂಲನಿವಾಸಿಗಳಾದ ಶೋಶೋನಿ ಮತ್ತು ಬ್ಯಾನಕ್ ಜನರು ಅಲ್ಲಿನ ಹೊಳೆಗಳಲ್ಲಿ ತಲೆಮಾರುಗಳಿಂದ ಮೀನು ಹಿಡಿದವರು.

ಬಾಯ್ಸಿಯಿಂದ ಸ್ಟ್ಯಾನ್ಲಿಗೆ 21ನೇ ಹೆದ್ದಾರಿಯಲ್ಲಿ ಸುಮಾರು 210 ಕಿ.ಮೀ. ದಾರಿ. ಮೊಬೈಲ್ ಸಿಗ್ನಲ್ ನಂಬಬೇಡಿ. ಟ್ಯಾಂಕ್ ತುಂಬಿಸಿ, ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡು, ಬಿ.ಪಿ. ಮಾತ್ರೆಗಳನ್ನು ಎರಡು ದಿನಕ್ಕೆ ಹೆಚ್ಚಾಗಿಯೇ ಇಟ್ಟುಕೊಂಡು ಹೊರಡಿ. ದೊಡ್ಡ ಆಸ್ಪತ್ರೆ ಬೇಕಾದರೆ ಘಟ್ಟ ದಾಟಿ ಸುಮಾರು 100 ಕಿ.ಮೀ. ದೂರದ ಕೆಚಮ್‌ಗೆ ಹೋಗಬೇಕು. ಊರು ಮಡಿಕೇರಿಗಿಂತ ಎತ್ತರದಲ್ಲಿ, ಸುಮಾರು 1,900 ಮೀಟರ್‌ನಲ್ಲಿರುವುದರಿಂದ ಮೊದಲ ದಿನ ಗುಡ್ಡ ಹತ್ತುವ ಆತುರ ಬೇಡ. ಹಗಲು ಹಿತವಾದ ಬಿಸಿಲಿದ್ದರೂ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಅದು ನಮ್ಮ ಮಂಜಿನ ತೇವದ ಚಳಿಯಲ್ಲ, ತುಟಿ ಒಡೆಯುವ ಒಣ ಚಳಿ.

ಹಲಸು ಹಣ್ಣಾದ ವಾಸನೆಗೆ ಆನೆ ತೋಟಕ್ಕೆ ನುಗ್ಗುವುದನ್ನು ಕಂಡವರು ನೀವು. ಅಲ್ಲಿ ಕಪ್ಪು ಕರಡಿಯದೂ ಅದೇ ಬುದ್ಧಿ. ಆದ್ದರಿಂದ ಬುತ್ತಿ, ಎಂಜಲು, ಹಣ್ಣಿನ ಸಿಪ್ಪೆ ಯಾವುದನ್ನೂ ಹೊರಗೆ ಬಿಡಬೇಡಿ. ಎದುರಾದರೆ ಓಡದೆ ನಿಧಾನವಾಗಿ ಹಿಂದೆ ಸರಿಯಿರಿ. ಮಗಳಿಗೆಂದು ಹಂದಿಮಾಂಸದ ಉಪ್ಪಿನಕಾಯಿ ಕಟ್ಟಿಕೊಂಡು ಹೋಗಬೇಡಿ; ನಮ್ಮ ದೇಶದಿಂದ ಮಾಂಸದ ಪದಾರ್ಥ ಒಯ್ಯಲು ಅಮೆರಿಕದ ನಿಯಮ ಬಿಡುವುದಿಲ್ಲ.

ಮೂರು ದಿನಗಳಲ್ಲಿ ಒಂದನ್ನು ಪೂರ್ತಿಯಾಗಿ ರೆಡ್‌ಫಿಶ್ ಸರೋವರಕ್ಕೆ ಮೀಸಲಿಡಿ ಎಂಬುದು ನನ್ನ ಕಳಕಳಿಯ ಕೋರಿಕೆ. ಸಾಕೈ ಸಾಲ್ಮನ್ ಮೀನುಗಳು ಪೆಸಿಫಿಕ್ ಸಾಗರದಿಂದ ಸುಮಾರು 1,450 ಕಿ.ಮೀ. ಹೊಳೆಯೇರಿ, ಎಂಟು ಅಣೆಕಟ್ಟುಗಳನ್ನು ದಾಟಿ, ಮೈಯೆಲ್ಲ ಕೆಂಪಾಗಿ ತಾವು ಹುಟ್ಟಿದ ಈ ನೀರಿಗೇ ಬರುತ್ತವೆ. 1992ರಲ್ಲಿ ಹಾಗೆ ಮರಳಿದ್ದು ಒಂದೇ ಒಂದು ಗಂಡುಮೀನು. ಅಂದಿನಿಂದ ಮೊಟ್ಟೆಕೇಂದ್ರಗಳಲ್ಲಿ ಮರಿಮಾಡಿ ಸಂತತಿಯನ್ನು ಉಳಿಸಿಕೊಂಡು ಬಂದಿದ್ದಾರೆ. ನೀವು ಹೋಗುವ ಹೊತ್ತು ಅವು ಮೊಟ್ಟೆಯಿಡಲು ಸಿದ್ಧವಾಗುವ ಕಾಲ. ನೀರಿಗೆ ಇಳಿಯದೆ, ಕಲ್ಲೆಸೆಯದೆ, ದಡದಲ್ಲಿ ಕುಳಿತೇ ನೋಡಿ.