ಊರಿಗೆ ಅಂಟಿದ ಮಾತುಗಳು: ಓದುಗರ ಪ್ರಶ್ನೆ, ಮಡಿಕೇರಿಯಿಂದ ಉತ್ತರ

ಪ್ರಶ್ನೆ: ಟೀಚರ್, ಮಗಳಿಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ. 'ಅಲ್ಲಿ ಒಂದು ಲೋಟ ನೀರು ಕೊಡುವವರಿಲ್ಲ, ಕನ್ನಡ ಮಾತಾಡುವವರಿಲ್ಲ, ಐಟಿಯವರನ್ನು ಬಿಟ್ಟರೆ ಯಾರಿಗೂ ಬದುಕಿಲ್ಲ' ಅಂತ ನಮ್ಮ ಭಾವ ಹೇಳುತ್ತಾರೆ. ಕಳಿಸಲೋ ಬೇಡವೋ?
– ಒಬ್ಬ ತಾಯಿ, ಸೋಮವಾರಪೇಟೆ

ಉತ್ತರ: ಕಳಿಸಿ ತಂಗಿ. ಭಾವನವರ ಮಾತುಗಳನ್ನು ಒಂದೊಂದಾಗಿ ನೋಡೋಣ.

ಮೊದಲು ನೀರು. ಬೆಂಗಳೂರಿಗೆ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಕಾವೇರಿ ನೀರನ್ನು ಪಂಪ್ ಮಾಡಿ ಕಳಿಸುತ್ತಾರೆ. ನಮ್ಮ ತಲಕಾವೇರಿಯಲ್ಲಿ ಹುಟ್ಟಿದ ಹೊಳೆಯ ನೀರನ್ನೇ ನಿಮ್ಮ ಮಗಳು ಅಲ್ಲೂ ಕುಡಿಯುತ್ತಾಳೆ. ಆದರೆ ಎಲ್ಲಾ ಬಡಾವಣೆಗೂ ಅದು ಸಾಲುವುದಿಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಎಷ್ಟೋ ಜನ ಟ್ಯಾಂಕರ್‌ಗೆ ಕಾದರು. ರೂಮು ನೋಡುವಾಗ 'ಕಾವೇರಿ ನೀರಾ, ಬೋರ್ ನೀರಾ' ಅಂತ ಮೊದಲೇ ಕೇಳಲಿ.

ಕೊಡುವ ಮನಸ್ಸಿನ ವಿಷಯಕ್ಕೆ ಬರುತ್ತೇನೆ. 2018ರ ಆಗಸ್ಟ್ ನೆನಪಿದೆ ಅಲ್ವಾ? ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಜಾರಿತು. ಜನ ಉಟ್ಟ ಬಟ್ಟೆಯಲ್ಲೇ ಪರಿಹಾರ ಕೇಂದ್ರಕ್ಕೆ ಬಂದರು. ಆಗ ಅಕ್ಕಿ, ಕಂಬಳಿ, ಬಟ್ಟೆಬರೆ ತುಂಬಿಕೊಂಡು ಬಂದ ಲಾರಿಗಳಲ್ಲಿ ಬೆಂಗಳೂರಿನವು ಎಷ್ಟಿದ್ದವು! ಕಳಿಸಿದವರಿಗೆ ನಮ್ಮ ಹೆಸರೂ ಗೊತ್ತಿರಲಿಲ್ಲ. ಆ ಊರಿಗೆ ಕರುಣೆಯಿಲ್ಲ ಅಂತ ಬೇರೆ ಯಾರಾದರೂ ಹೇಳಲಿ, ಕೊಡಗಿನವರು ಹೇಳಬಾರದು. ನನಗೆ ಈ ಮಾತು ಕೇಳಿದರೆ ನೋವಾಗುತ್ತದೆ. ಪಕ್ಕದ ಮನೆಯವರು ಬಾಗಿಲು ಹಾಕಿಕೊಂಡೇ ಇರುತ್ತಾರೆ, ನಿಜ. ಬಸ್ಸಿನಲ್ಲಿ ಒಂದೂವರೆ ಗಂಟೆ ನಿಂತು ಬಂದವರಿಗೆ ಜಗಲಿಯಲ್ಲಿ ಕೂತು ಮಾತಾಡುವಷ್ಟು ತ್ರಾಣ ಉಳಿದಿರುವುದಿಲ್ಲ.

ಕನ್ನಡದ ಮಾತು ಪೂರ್ತಿ ಸುಳ್ಳಲ್ಲ. 2011ರ ಜನಗಣತಿಯಂತೆ ಬೆಂಗಳೂರು ಜಿಲ್ಲೆಯಲ್ಲಿ ಕನ್ನಡ ಮನೆಮಾತಿನವರು ಅರ್ಧಕ್ಕಿಂತ ಕಡಿಮೆ. ಆದರೆ ಅದೇ ಲೆಕ್ಕದಲ್ಲಿ ನಮ್ಮ ಕೊಡಗಿನಲ್ಲಿ ಇನ್ನೂ ಕಡಿಮೆ, ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಎಲ್ಲವೂ ಕಿವಿಗೆ ಬೀಳುತ್ತವೆ. ವ್ಯಾಪಾರ ಮಾತ್ರ ಕನ್ನಡದಲ್ಲೇ ನಡೆಯುತ್ತದೆ. ಬೆಂಗಳೂರಿನ ಬಸ್ ಕಂಡಕ್ಟರ್, ಹೂ ಮಾರುವವರು, ಆಸ್ಪತ್ರೆಗೆ ಬರುವ ಅಜ್ಜಿಯರು ಕನ್ನಡದಲ್ಲೇ ಮಾತಾಡುತ್ತಾರೆ. ಕನ್ನಡ ಬಲ್ಲ ನರ್ಸ್ ಕಂಡರೆ ಆ ಅಜ್ಜಿಯರಿಗೆ ಎಷ್ಟು ಸಮಾಧಾನ ಆಗುತ್ತದೆ ಅಂತ ಯೋಚಿಸಿ.

ಇನ್ನು ಐಟಿ. ವಿಮಾನ ಕಾರ್ಖಾನೆ ಎಚ್‌ಎಎಲ್ ಶುರುವಾಗಿದ್ದು 1940ರಲ್ಲಿ. ಆಮೇಲೆ ಟೆಲಿಫೋನ್ ಮಾಡುವ ಐಟಿಐ, ಯಂತ್ರೋಪಕರಣದ ಎಚ್‌ಎಂಟಿ, ಎಲೆಕ್ಟ್ರಾನಿಕ್ಸ್‌ನ ಬಿಇಎಲ್ ಕಾರ್ಖಾನೆಗಳು ಬಂದವು. ಆಗ ಸಾಫ್ಟ್‌ವೇರ್ ಅನ್ನುವ ಮಾತೇ ಇರಲಿಲ್ಲ. ಇವತ್ತಿಗೂ ಪೀಣ್ಯದ ಸಣ್ಣ ಕಾರ್ಖಾನೆಗಳು ನಡೆಯುತ್ತಿವೆ. ಗಾರ್ಮೆಂಟ್ಸ್‌ನಲ್ಲಿ ಲಕ್ಷಗಟ್ಟಲೆ ಹೆಣ್ಣುಮಕ್ಕಳು ದುಡಿಯುತ್ತಾರೆ. ಬೆಳಗ್ಗೆ ಮೈಸೂರು ರಸ್ತೆಯಲ್ಲಿ ಟಿಫಿನ್ ಡಬ್ಬಿ ಹಿಡಿದು ಓಡುವ ಅವರನ್ನು ನೋಡಿದರೆ ಸಾಕು, ಊರು ಯಾರ ಮೇಲೆ ನಿಂತಿದೆ ಅಂತ ಗೊತ್ತಾಗುತ್ತದೆ. ಟಿವಿಯವರು ಗಾಜಿನ ಕಟ್ಟಡಗಳನ್ನೇ ತೋರಿಸುತ್ತಾರೆ.

ಟ್ರಾಫಿಕ್ ಬಗ್ಗೆ ಎಲ್ಲರೂ ಹೇಳುವುದು ಸರಿ. ಆಸ್ಪತ್ರೆಗೆ ನಡೆದುಹೋಗುವಷ್ಟು ಹತ್ತಿರ ಹಾಸ್ಟೆಲ್ ಹಿಡಿಯಲಿ, ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಸರಿ.

ಪ್ರಶ್ನೆ: ಲಂಡನ್‌ನಲ್ಲಿ ಯಾವಾಗಲೂ ಮಳೆ, ಮಂಜು ಅಂತಾರೆ. ಅದು ನಮ್ಮ ಕೊಡಗಿನ ಹಾಗೇನಾ?
– ಕಾಲೇಜು ವಿದ್ಯಾರ್ಥಿ, ವಿರಾಜಪೇಟೆ

ಉತ್ತರ: ಇಲ್ಲ ತಮ್ಮಾ. ಲಂಡನ್‌ನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್. ನಮ್ಮ ತೋಟದವರ ಲೆಕ್ಕದಲ್ಲಿ 24 ಇಂಚು. ಮಡಿಕೇರಿಯಲ್ಲಿ ಸಾಮಾನ್ಯವಾಗಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಜಾಸ್ತಿ ಬೀಳುತ್ತದೆ. ಬೆಂಗಳೂರಿನ ವರ್ಷದ ಮಳೆಯೂ ಲಂಡನ್‌ಗಿಂತ ಜಾಸ್ತಿಯೇ. ಅಲ್ಲಿ ಮೋಡ ಕವಿದ ದಿನ ಹೆಚ್ಚು, ತುಂತುರು ಹೆಚ್ಚು, ಅದಕ್ಕೇ ಆ ಹೆಸರು. ಹಳೆಯ ಲಂಡನ್‌ನ ದಟ್ಟ ಮಂಜಿನಲ್ಲಿ ಕಲ್ಲಿದ್ದಲಿನ ಹೊಗೆ ಸೇರಿರುತ್ತಿತ್ತು. 1952ರ ಡಿಸೆಂಬರ್‌ನಲ್ಲಿ ಅದು ಸಾವಿರಾರು ಜನರ ಜೀವ ತೆಗೆಯಿತು. 1956ರಲ್ಲಿ ಶುದ್ಧ ಗಾಳಿಗಾಗಿ ಕಾನೂನು ಮಾಡಿದರು. ರಾಜಾಸೀಟಿನಲ್ಲಿ ನಿನ್ನ ಮುಖಕ್ಕೆ ತಾಗುವ ಮಂಜು ಅಂಥದ್ದಲ್ಲ, ಅದು ಬರೀ ಮೋಡ.

ಪ್ರಶ್ನೆ: ನನಗೆ ಮಡಿಕೇರಿಗೆ ವರ್ಗವಾಗಿದೆ. 'ಭಾರತದ ಸ್ಕಾಟ್ಲೆಂಡ್' ಅಂತಾರೆ, ವರ್ಷವಿಡೀ ಸ್ವೆಟರ್ ಬೇಕಾ? ಎಲ್ಲರೂ ಕಾಫಿ ತೋಟದ ಸಾಹುಕಾರರಂತೆ, ನಮ್ಮಂಥವರಿಗೆ ಬಾಡಿಗೆ ಮನೆ ಸಿಗುತ್ತಾ?
– ಬ್ಯಾಂಕ್ ನೌಕರ, ರಾಯಚೂರು

ಉತ್ತರ: ಬನ್ನಿ, ಸಂತೋಷ. ಮಾರ್ಚ್, ಏಪ್ರಿಲ್‌ನಲ್ಲಿ ಇಲ್ಲೂ ಬಿಸಿಲಿದೆ, ಫ್ಯಾನ್ ಹಾಕುತ್ತೇವೆ. ಸ್ವೆಟರ್‌ಗಿಂತ ಮುಖ್ಯ ಒಳ್ಳೆಯ ರೈನ್‌ಕೋಟ್. ಜೂನ್ ಹಿಡಿದರೆ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಕರೆಂಟ್ ದಿನಗಟ್ಟಲೆ ಇಲ್ಲದಿರುವುದೂ ಉಂಟು. ವಾರಾಂತ್ಯಕ್ಕೆ ಬಂದು ಹೋಗುವವರಿಗೆ ಇದು ಕಾಣುವುದಿಲ್ಲ.

ಸಾಹುಕಾರರ ವಿಷಯ ಕೇಳಿದ್ದು ಒಳ್ಳೆಯದಾಯಿತು. ದೇಶದ ಕಾಫಿ ಬೆಳೆಗಾರರಲ್ಲಿ ಹೆಚ್ಚುಕಡಿಮೆ ಎಲ್ಲರದೂ 10 ಹೆಕ್ಟೇರ್‌ಗಿಂತ ಸಣ್ಣ ಹಿಡುವಳಿ. ಒಂದು ವರ್ಷ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ತಪ್ಪಿದರೆ ಮನೆಯ ಲೆಕ್ಕವೆಲ್ಲಾ ಏರುಪೇರು. ಕಾಫಿ ಕುಯ್ಯುವವರು ಲೈನ್‌ಮನೆಯಲ್ಲಿ, ಅಂದರೆ ತೋಟದ ಕೆಲಸಗಾರರ ಸಾಲುಮನೆಯಲ್ಲಿ ಇರುತ್ತಾರೆ. ತಲೆತಲಾಂತರದಿಂದ ಇಲ್ಲೇ ಇರುವ ಯರವ, ಕುರುಬ ಬುಡಕಟ್ಟಿನವರು, ಈಗ ಅಸ್ಸಾಂನಿಂದ ಬಂದವರು. ಅವರ ಬದುಕು ಯಾವ ಪೋಸ್ಟರ್‌ನಲ್ಲೂ ಇಲ್ಲ. ಇನ್ನು ಪೇಟೆಯಲ್ಲಿರುವವರು ನಿಮ್ಮಂಥವರೇ: ಟೈಲರ್, ಡ್ರೈವರ್, ಗುಮಾಸ್ತ, ಟೀಚರ್.

ಬಾಡಿಗೆ ಮನೆ ಸಿಗುತ್ತದೆ. ಕೆಲವು ಹೋಂಸ್ಟೇ ಆಗಿರುವುದರಿಂದ ಸ್ವಲ್ಪ ಹುಡುಕಬೇಕು. ಮೇ ತಿಂಗಳೊಳಗೆ ಬನ್ನಿ. ನೋಡುವಾಗ ಹಿತ್ತಿಲ ಕಡೆಗೂ ಹೋಗಿ. ಮನೆಗೆ ಒತ್ತಿಕೊಂಡು ನೇರ ಕಡಿದ ಎತ್ತರದ ಬರೆ (ಮಳೆಗೆ ಜರಿಯಬಹುದಾದ ಗುಡ್ಡದ ಮಣ್ಣಿನ ಗೋಡೆ) ಇದ್ದರೆ, ಬಾಡಿಗೆ ಎಷ್ಟೇ ಕಡಿಮೆ ಇರಲಿ, ಆ ಮನೆ ಬೇಡ.