ಆ ಮನೆ ಈಗ ಬೇಡ, ಊರಿಗೆ ಮಾತ್ರ ಖಂಡಿತ ಬನ್ನಿ

ನಮಸ್ಕಾರ. ನಿಮ್ಮ ಪತ್ರ ಓದಿದೆ. ಓಹಾಯೋದಿಂದ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಕೆಲಸ ಬದಲಾಗುತ್ತಿದೆ. ಎಚ್-1ಬಿ ವೀಸಾ, ಅಂದರೆ ಕೆಲಸಕ್ಕಾಗಿ ಕೊಡುವ ತಾತ್ಕಾಲಿಕ ವೀಸಾ. ಜೊತೆಗೆ ಹೆಂಡತಿ, ಅಮೆರಿಕದಲ್ಲೇ ಹುಟ್ಟಿದ ಎರಡು ವರ್ಷದ ಮಗಳು. ಶೋರ್ ಏಕರ್ಸ್ ಬಡಾವಣೆಯಲ್ಲಿ ನೀರಿನ ಪಕ್ಕದ ಹಳೇ ಮನೆಯೊಂದು ಕಡಿಮೆ ಬೆಲೆಗೆ ಸಿಗುತ್ತಿದೆ, ತಗೊಳ್ಳಬಹುದಾ ಅಂತ ಕೇಳಿದ್ದೀರಿ. "ನಾವು ಕುಂದಾಪುರದವರು, ಕಡಲು, ಮಳೆ ಎರಡನ್ನೂ ನೋಡಿಯೇ ಬೆಳೆದವರು, ಭಯವೇನಿಲ್ಲ" ಅಂತಲೂ ಬರೆದಿದ್ದೀರಿ.

ನೇರವಾಗಿ ಹೇಳಿಬಿಡುತ್ತೇನೆ. ಆ ಮನೆ ತಗೊಳ್ಳಬೇಡಿ. ಊರಿಗೆ ಖಂಡಿತ ಬನ್ನಿ. ಒಳ್ಳೇ ಊರು, ಕನ್ನಡದವರೂ ಸಾಕಷ್ಟು ಇದ್ದೇವೆ. ಆದರೆ ಮೊದಲ ವರ್ಷ ಎತ್ತರದ ಜಾಗ ನೋಡಿ ಬಾಡಿಗೆಗೆ ಇರಿ. ಇಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಹರಿಕೇನ್, ಅಂದರೆ ಚಂಡಮಾರುತದ ಕಾಲ. ಆ ಆರು ತಿಂಗಳು ಹೇಗಿರುತ್ತದೆ ಅಂತ ಇಲ್ಲಿದ್ದು ನೋಡಿದ ಮೇಲೆ ಕೊಳ್ಳುವ ಮಾತು. ಯಾಕೆ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಿಮಗೆ 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನೆನಪಿರಬೇಕು. ಅದು ನೆಲ ಮುಟ್ಟಿದ್ದು ಗುಜರಾತಿನಲ್ಲಿ. ನಮ್ಮ ಕರಾವಳಿಯನ್ನು ದೂರದಲ್ಲೇ ಹಾದು ಹೋಯಿತು. ಆದರೂ ಉಳ್ಳಾಲದಿಂದ ನಿಮ್ಮೂರಿನ ಕಡೆಯವರೆಗೆ ಕಡಲು ದಂಡೆ ದಾಟಿ ಬಂತು. 2024ರ ಸೆಪ್ಟೆಂಬರ್ 26ರಂದು ಇಲ್ಲಿ ಆಗಿದ್ದೂ ಅದೇ, ಆದರೆ ತುಂಬಾ ದೊಡ್ಡ ಮಟ್ಟದಲ್ಲಿ. ಹೆಲೀನ್ ಅನ್ನುವ ಹರಿಕೇನ್ ಇಲ್ಲಿಂದ ನೂರಕ್ಕೂ ಹೆಚ್ಚು ಮೈಲಿ ದೂರದಲ್ಲಿ, ಸಮುದ್ರದ ಮೇಲೇ ಸಾಗಿ, ಉತ್ತರದ ಪೆರಿ ಅನ್ನುವ ಊರಿನ ಹತ್ತಿರ ನೆಲ ಮುಟ್ಟಿತು. ನಮ್ಮಲ್ಲಿ ಗಾಳಿ ಅಂಥದ್ದೇನೂ ಇರಲಿಲ್ಲ. ಆದರೆ ನಮ್ಮೂರಿನ ಪಕ್ಕದ ಟ್ಯಾಂಪಾ ಕೊಲ್ಲಿಯ ನೀರು ಮಾಮೂಲಿ ಭರತಕ್ಕಿಂತ ಆರು ಅಡಿ ಮೇಲೆ ಬಂತು. ನಮ್ಮೂರು ಇರುವ ಪಿನೆಲಸ್ ಕೌಂಟಿ ಒಂದರಲ್ಲೇ 10ಕ್ಕೂ ಹೆಚ್ಚು ಜನ ಸತ್ತರು. "ಅದು ನಮ್ಮ ಕಡೆ ಬರುವುದಿಲ್ಲ, ದೂರ ಹೋಗುತ್ತಿದೆ" ಅಂದುಕೊಂಡು ಮನೆಯಲ್ಲೇ ಉಳಿದವರು ತುಂಬಾ ಜನ.

ಕಾರಣ ಇಷ್ಟೇ. ಟ್ಯಾಂಪಾ ಕೊಲ್ಲಿ ಆಳ ಕಡಿಮೆ, ಅಗಲ ಜಾಸ್ತಿ. ದೊಡ್ಡ ಪರಾತದಲ್ಲಿ ನೀರಿಟ್ಟು ಒಂದು ಕಡೆಯಿಂದ ಅಂಗೈಯಲ್ಲಿ ತಳ್ಳಿದರೆ ಇನ್ನೊಂದು ಅಂಚಿಗೆ ಹೇಗೆ ಏರುತ್ತದೋ ಹಾಗೆ ಇಲ್ಲಿ ನೀರು ಏರುತ್ತದೆ. ಹರಿಕೇನ್ ಗಾಳಿ ಇಲ್ಲಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಅದರ ಕಣ್ಣು, ಅಂದರೆ ನಟ್ಟನಡುವಿನ ಭಾಗ, ನಮ್ಮ ಪಶ್ಚಿಮಕ್ಕೋ ಉತ್ತರಕ್ಕೋ ಇದ್ದರೆ ಗಾಳಿ ನೀರನ್ನು ಕೊಲ್ಲಿಯೊಳಗೆ ತುಂಬುತ್ತದೆ. ದಕ್ಷಿಣಕ್ಕೆ ಹೋದರೆ ಕೊಲ್ಲಿಯ ನೀರನ್ನೇ ಹೊರಗೆ ಎಳೆಯುತ್ತದೆ. 2022ರಲ್ಲಿ ಇಯಾನ್ ಬಂದಾಗ ಹೀಗೇ ನೀರು ಹಿಂದೆ ಸರಿದು ಕೊಲ್ಲಿಯ ತಳ ಕಂಡಿತ್ತು. ಜನ ಇಳಿದು ಫೋಟೋ ತೆಗೆಸಿಕೊಂಡರು. ಅದೇ ದಿನ ದಕ್ಷಿಣದ ಫೋರ್ಟ್ ಮೈಯರ್ಸ್ ಬೀಚ್‌ನಲ್ಲಿ ನೀರು ಹತ್ತು ಅಡಿಗೂ ಮೇಲೆ ನಿಂತು ಬೀದಿಗೆ ಬೀದಿಯೇ ಇಲ್ಲವಾಯಿತು. ಟ್ಯಾಂಪಾ ಪ್ರದೇಶಕ್ಕೆ ದೊಡ್ಡ ಹರಿಕೇನ್ ಕೊನೆಯ ಸಲ ನೇರವಾಗಿ ಬಡಿದದ್ದು 1921ರಲ್ಲಿ. ಅಷ್ಟು ವರ್ಷ ತಪ್ಪಿಸಿಕೊಂಡು ಬಂದದ್ದಕ್ಕೇ ಇಲ್ಲಿ ಹಲವರಿಗೆ ಒಂದು ಧೈರ್ಯ. ಆ ಧೈರ್ಯವನ್ನು ನೀವು ನಂಬಬೇಡಿ.

ಹಾಗಾಗಿ ನಿಮ್ಮನ್ನು ಕಾಪಾಡುವುದು ಎತ್ತರ ಒಂದೇ. ಹರಿಕೇನಿನ ಕೆಟಗರಿ (ದರ್ಜೆ) ಎಷ್ಟು ಅನ್ನುವುದು ಗಾಳಿಯ ವೇಗದ ಲೆಕ್ಕ ಮಾತ್ರ. ಅದು ನೀರಿನ ಬಗ್ಗೆ ಏನೂ ಹೇಳುವುದಿಲ್ಲ.

ಶೋರ್ ಏಕರ್ಸ್‌ನಲ್ಲೇ ನಮ್ಮ ಸ್ನೇಹಿತರ ಮನೆ ಇತ್ತು. ನೀವು ನೋಡಿರುವಂಥದ್ದೇ, ನೆಲಮಟ್ಟದ ಕಾಂಕ್ರೀಟ್ ಹಾಸಿನ ಮೇಲೆ ಕಟ್ಟಿದ ಹಳೇ ಮನೆ. ಹೆಲೀನ್ ರಾತ್ರಿ ಅವರು ನಮ್ಮಲ್ಲಿದ್ದರು. ಮರುದಿನ ರಸ್ತೆ ಬಿಟ್ಟ ಮೇಲೆ ನಾನೂ ನಮ್ಮೆಜಮಾನರೂ ಅವರ ಜೊತೆ ಹೋದೆವು. ಗೋಡೆಯ ಮೇಲೆ ನನ್ನ ಸೊಂಟದ ಎತ್ತರಕ್ಕೆ ಕಂದು ಗೆರೆ. ಫ್ರಿಜ್ ತೇಲಿ ಅಡುಗೆಮನೆ ಬಾಗಿಲಿಗೆ ಅಡ್ಡ ಬಿದ್ದಿತ್ತು. ಉಪ್ಪುನೀರು, ಚರಂಡಿ, ಪೆಟ್ರೋಲ್ ಎಲ್ಲ ಸೇರಿದ ವಾಸನೆ. ಪ್ಯಾಂಟ್ರಿಯ ಕೆಳಗಿನ ಹಲಗೆಯಲ್ಲಿದ್ದ ಸೋನಾ ಮಸೂರಿ ಚೀಲ ಉಬ್ಬಿ ಒಡೆದು, ಅಕ್ಕಿ ಕೆಸರಿನ ಜೊತೆ ನೆಲದ ತುಂಬ ಹರಡಿತ್ತು. ಡ್ರೆಸ್ಸರಿನ ಕೆಳಗಿನ ಖಾನೆ ಊದಿಕೊಂಡು ತೆಗೆಯಲಿಕ್ಕೇ ಬರಲಿಲ್ಲ. ಒಡೆದು ತೆಗೆದಾಗ ಅವರ ಮದುವೆಯ ಮೈಸೂರು ಸಿಲ್ಕ್ ಸೀರೆಗಳು ಒಂದಕ್ಕೊಂದು ಬಣ್ಣ ಬಿಟ್ಟುಕೊಂಡಿದ್ದವು. ಆಕೆ ಒಂದೊಂದನ್ನೇ ಬಿಡಿಸಿ ನೋಡಿ, ಒಂದೂ ಮಾತಾಡದೆ ಹೊರಗೆ ಹಾಕಿದರು.

ಅಳುವುದಕ್ಕೂ ಪುರುಸೊತ್ತಿರುವುದಿಲ್ಲ. ಒಂದೆರಡು ದಿನದಲ್ಲೇ ಬೂಸ್ಟು ಶುರುವಾಗುತ್ತದೆ. ಡ್ರೈವಾಲ್, ಅಂದರೆ ಗೋಡೆಯ ಒಳಮೈಯ ಜಿಪ್ಸಮ್ ಹಲಗೆಯನ್ನು ನಾಲ್ಕು ಅಡಿ ಎತ್ತರಕ್ಕೆ ಕತ್ತರಿಸಿ, ಒಳಗಿನ ಒದ್ದೆ ಇನ್ಸುಲೇಷನ್ ಕಿತ್ತು, ಫ್ಯಾನು, ಡೀಹ್ಯುಮಿಡಿಫೈಯರ್ ಹಾಕಿ ಒಣಗಿಸಬೇಕು. ಎಸೆಯುವ ಮುಂಚೆ ಪ್ರತಿಯೊಂದರ ಫೋಟೋ ಬೇಕು, ಯಂತ್ರಗಳಾದರೆ ಸೀರಿಯಲ್ ನಂಬರ್ ಸಮೇತ. ಪ್ರತಿ ಮನೆಯ ಮುಂದೆ ಸೋಫಾ, ಹಾಸಿಗೆ, ಮರದ ಹಲಗೆಗಳ ರಾಶಿ. ಆ ರಾಶಿ ಪೂರ್ತಿ ಎತ್ತುವುದರೊಳಗೆ ಅಕ್ಟೋಬರ್ 9ಕ್ಕೆ ಮಿಲ್ಟನ್ ಅನ್ನುವ ಇನ್ನೊಂದು ಹರಿಕೇನ್ ಬಂತು. ಅದು ದಕ್ಷಿಣಕ್ಕೆ, ಸಿಯೆಸ್ಟಾ ಕೀ ಹತ್ತಿರ ನೆಲ ಮುಟ್ಟಿದ್ದರಿಂದ ಕೊಲ್ಲಿಯ ನೀರು ಈ ಸಲ ಏರಲಿಲ್ಲ. ಆದರೆ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 18 ಇಂಚಿಗಿಂತ ಜಾಸ್ತಿ ಮಳೆ ಸುರಿಯಿತು. ಟ್ರಾಪಿಕಾನಾ ಕ್ರೀಡಾಂಗಣದ ಚಾವಣಿ ಹರಿದು ಹೋಯಿತು.

ಈಗ ದುಡ್ಡಿನ ವಿಷಯ. ಇಲ್ಲಿಗೆ ಹೊಸದಾಗಿ ಬಂದವರು ಹೆಚ್ಚಾಗಿ ಎಡವುವುದು ಇಲ್ಲೇ.

ಮನೆಯ ಇನ್ಶೂರೆನ್ಸ್ ಅಂದರೆ ಎಲ್ಲಾ ಸೇರಿತು ಅಂದುಕೊಳ್ಳಬೇಡಿ. ಮಾಮೂಲಿ ಹೋಮ್‌ಓನರ್ಸ್ ಪಾಲಿಸಿ ಗಾಳಿಯಿಂದ ಆದ ನಷ್ಟಕ್ಕೆ ಕೊಡುತ್ತದೆ, ಹೊರಗಿನಿಂದ ನುಗ್ಗಿದ ನೀರಿಗೆ ಕೊಡುವುದಿಲ್ಲ. ನೀರಿಗೆ ಬೇರೆ ಫ್ಲಡ್ ಪಾಲಿಸಿ ಬೇಕು. ಬಹಳ ಜನ ತಗೊಳ್ಳುವುದು ಸರ್ಕಾರದ ರಾಷ್ಟ್ರೀಯ ಯೋಜನೆಯದ್ದು, 1968ರಿಂದ ಇದೆ. ಅದರಲ್ಲಿ ಮನೆಗೆ ಗರಿಷ್ಠ 2,50,000 ಡಾಲರ್, ಸಾಮಾನಿಗೆ 1,00,000 ಡಾಲರ್. ಸಾಮಾನಿನ ಪಾಲಿಸಿ ಬೇರೆಯಾಗಿ ಕೇಳಿ ತಗೊಳ್ಳಬೇಕು. ಅದರಲ್ಲೂ ಹಳೇ ಸೋಫಾಗೆ ಹಳೇ ಸೋಫಾದ ಬೆಲೆಯೇ ಸಿಗುವುದು, ಹೊಸದರದ್ದಲ್ಲ. ಮನೆ ಸಾಲದ ಜೊತೆಗೇ ತಗೊಂಡರೆ ಬೇರೆ ಮಾತು, ಇಲ್ಲದಿದ್ದರೆ ಪಾಲಿಸಿ ಜಾರಿಗೆ ಬರಲು 30 ದಿನ ಬೇಕು. ಸಮುದ್ರದಲ್ಲಿ ಬಿರುಗಾಳಿ ಎದ್ದ ಮೇಲೆ ಓಡಾಡಿದರೆ ಉಪಯೋಗವಿಲ್ಲ. ಗಾಳಿಯ ಪಾಲಿಸಿಯವರೂ ಆ ಹೊತ್ತಿಗೆ ಹೊಸದನ್ನು ಕೊಡುವುದು ನಿಲ್ಲಿಸಿರುತ್ತಾರೆ.

ಇನ್ನೊಂದು ವಿಷಯ ನಮ್ಮ ಸ್ನೇಹಿತರಿಗೆ ತುಂಬಾ ಹೊಡೆತ ಕೊಟ್ಟಿತು. ಆ ಸರ್ಕಾರಿ ಫ್ಲಡ್ ಪಾಲಿಸಿ, ಮನೆ ರಿಪೇರಿ ಆಗುವವರೆಗೆ ನೀವು ಬೇರೆ ಕಡೆ ಇರುವ ಬಾಡಿಗೆಯನ್ನು ಕೊಡುವುದಿಲ್ಲ. ಹೋಮ್‌ಓನರ್ಸ್ ಪಾಲಿಸಿಯಲ್ಲಿ ಆ ಸೌಲಭ್ಯ ಇರುತ್ತದೆ, ಆದರೆ ನಷ್ಟ ಗಾಳಿಯಂಥ, ಆ ಪಾಲಿಸಿ ಒಪ್ಪುವ ಕಾರಣದಿಂದ ಆಗಿದ್ದರೆ ಮಾತ್ರ. ಆಗ ಏನಾಯಿತು ನೋಡಿ, ಇರಲಾಗದ ಮನೆಗೆ ಬ್ಯಾಂಕಿನ ಕಂತು, ಇರುವ ಮನೆಗೆ ಬಾಡಿಗೆ, ಎರಡೂ ತಿಂಗಳುಗಟ್ಟಲೆ. ಕ್ಲೇಮಿನ ಚೆಕ್ ಕೂಡ ನಿಮ್ಮ ಹೆಸರು, ಬ್ಯಾಂಕಿನ ಹೆಸರು ಎರಡೂ ಸೇರಿ ಬರುತ್ತದೆ. ಕೆಲಸ ನಡೆದ ಹಾಗೆ ಬ್ಯಾಂಕು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಕಾಂಟ್ರಾಕ್ಟರ್ ಮಾತ್ರ ಮುಂಗಡ ಕೇಳುತ್ತಾನೆ. ಕೈಯಲ್ಲಿ ಒಂದಿಷ್ಟು ಇಡುಗಂಟು ಇಲ್ಲದವರು ಇಲ್ಲಿಗೇ ಸುಸ್ತಾಗುತ್ತಾರೆ.

ಗಾಳಿಯ ಕ್ಲೇಮಿಗೆ ಹರಿಕೇನ್ ಡಿಡಕ್ಟಿಬಲ್ ಅಂತ ಬೇರೆಯೇ ಇದೆ. ಅದು ಹೆಚ್ಚಾಗಿ ಶೇಕಡಾ ಲೆಕ್ಕ. ಮನೆಗೆ 4,00,000 ಡಾಲರ್ ವಿಮೆ, ಡಿಡಕ್ಟಿಬಲ್ ಶೇ. 5 ಅಂದರೆ ಮೊದಲ 20,000 ಡಾಲರ್ ನಿಮ್ಮ ಕೈಯಿಂದಲೇ ಹೋಗಬೇಕು. ಪ್ರೀಮಿಯಂ ಕಡಿಮೆ ಕಾಣಲಿ ಅಂತ ಏಜೆಂಟ್ ಶೇ. 5 ಅಥವಾ 10 ಹಾಕಿಕೊಟ್ಟಿರುತ್ತಾನೆ. ಕೇಳಿ ನೋಡಿ.

ಈಗ ಆ ಮನೆ ಯಾಕೆ ಅಗ್ಗ ಅನ್ನುವುದಕ್ಕೆ ಬರುತ್ತೇನೆ. ಪ್ರವಾಹದ ವಲಯದಲ್ಲಿ ಶೇ. 50ರ ನಿಯಮ ಅಂತ ಇದೆ. ರಿಪೇರಿಯ ಖರ್ಚು ಕಟ್ಟಡದ ಮಾರುಕಟ್ಟೆ ಬೆಲೆಯ ಅರ್ಧ ಮುಟ್ಟಿದರೆ ಸುಮ್ನೆ ರಿಪೇರಿ ಮಾಡಿಕೊಂಡು ಇರುವ ಹಾಗಿಲ್ಲ. ಇಡೀ ಮನೆಯನ್ನು ಇವತ್ತಿನ ನಿಯಮದ ಮಟ್ಟಕ್ಕೆ ತರಬೇಕು. ಅಂದರೆ ಎತ್ತರಿಸಬೇಕು, ಇಲ್ಲವೇ ಕೆಡವಿ ಕಟ್ಟಬೇಕು. ಇಲ್ಲಿ ಜಮೀನಿನ ಬೆಲೆ ಸೇರುವುದಿಲ್ಲ ಅನ್ನುವುದನ್ನು ಗಮನಿಸಿ. ನಾಲ್ಕೂವರೆ ಲಕ್ಷದ ಮನೆ ಅಂದುಕೊಳ್ಳಿ. ಅದರಲ್ಲಿ ಮೂರು ಲಕ್ಷ ಜಾಗದ್ದು, ಒಂದೂವರೆ ಲಕ್ಷ ಕಟ್ಟಡದ್ದು. ಎಪ್ಪತ್ತೈದು ಸಾವಿರದ ರಿಪೇರಿ ಬಂದರೆ ಆ ಗೆರೆ ಮುಟ್ಟಿದಿರಿ. ಮೂರು ಅಡಿ ನೀರು ನಿಂತ ಮನೆಗೆ ಅಷ್ಟು ಖರ್ಚು ಸಲೀಸಾಗಿ ಬರುತ್ತದೆ. ನಾವೇ ಕೆಲಸ ಮಾಡಿಕೊಂಡರೆ, ಸ್ನೇಹಿತರು ಕೈ ಜೋಡಿಸಿದರೆ ಕಡಿಮೆ ಆಗುವುದಿಲ್ಲವಾ ಅಂತ ನೀವು ಕೇಳಬಹುದು. ಇಲ್ಲ. ಆ ಶ್ರಮಕ್ಕೂ ಮಾರುಕಟ್ಟೆ ಬೆಲೆ ಹಾಕಿ ಲೆಕ್ಕ ಮಾಡುತ್ತಾರೆ. ಮನೆ ಎತ್ತರಿಸಲು ಫ್ಲಡ್ ಪಾಲಿಸಿಯಿಂದ ಹೆಚ್ಚೆಂದರೆ 30,000 ಡಾಲರ್ ಸಿಗುತ್ತದೆ. ನಿಜವಾದ ಖರ್ಚು ಅದರ ಎಷ್ಟೋ ಪಟ್ಟು. ನಮ್ಮ ಸ್ನೇಹಿತರು ಕೊನೆಗೆ ಮನೆಯನ್ನು ಇದ್ದ ಹಾಗೇ ಮಾರಿ, ನಷ್ಟ ಹೊತ್ತುಕೊಂಡು ಒಳನಾಡಿಗೆ ಹೋದರು. ನಿಮಗೆ ತೋರಿಸುತ್ತಿರುವ ಮನೆಗೆ ಹೊಸ ಡ್ರೈವಾಲ್, ಹೊಸ ಬಣ್ಣ, ಹೊಸ ಅಡುಗೆಮನೆ ಇರಬಹುದು. ಅದರ ನೆಲ ಮಾತ್ರ ಮೊದಲಿದ್ದ ಮಟ್ಟದಲ್ಲೇ ಇದೆ.

ವೀಸಾದ ವಿಷಯ ಇದಕ್ಕಿಂತ ಮುಖ್ಯ. ಫೆಮಾ, ಅಂದರೆ ಕೇಂದ್ರ ಸರ್ಕಾರದ ವಿಪತ್ತು ಪರಿಹಾರ ಸಂಸ್ಥೆಯವರು ಮನೆ ರಿಪೇರಿಗೆ ಕೊಡುವ ನಗದು ಸಹಾಯ ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವವರಿಗೆ, ಆಶ್ರಯ ಪಡೆದವರಂಥ ಕೆಲವರಿಗೆ. ಎಚ್-1ಬಿಯವರಿಗೆ ಇಲ್ಲ. ನೀವು ಎಷ್ಟು ವರ್ಷ ತೆರಿಗೆ ಕಟ್ಟಿದ್ದರೂ ಇಲ್ಲ. ಇದು ನನಗೆ ಅನ್ಯಾಯ ಅಂತಲೇ ಅನ್ನಿಸುತ್ತದೆ, ಆದರೆ ನಿಯಮ ಹಾಗಿದೆ. ನಿಮ್ಮ ಮಗಳು ಇಲ್ಲಿ ಹುಟ್ಟಿದವಳು. ಅವಳ ಪರವಾಗಿ ನೀವು ಅರ್ಜಿ ಹಾಕಬಹುದು, ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಹಾಗೆ ಸಿಕ್ಕರೂ ಮನೆಗೆ ಕೊಡುವ ಗರಿಷ್ಠ ಮಿತಿಯೇ 2024ರಲ್ಲಿ ಸುಮಾರು 43,000 ಡಾಲರ್ ಇತ್ತು. ಹೆಚ್ಚಿನವರಿಗೆ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಆಶ್ರಯ ಶಿಬಿರ, ಊಟ, ನೀರು ಎಲ್ಲರಿಗೂ ಸಿಗುತ್ತದೆ, ವೀಸಾ ಕೇಳುವುದಿಲ್ಲ. ಅದರ ಬಗ್ಗೆ ಹಿಂಜರಿಕೆ ಬೇಡ.

ಹಾಗಾದರೆ ಯಾವ ಮನೆ ಕೊಳ್ಳಬಹುದು? 1992ರಲ್ಲಿ ಆಂಡ್ರೂ ಹರಿಕೇನ್ ಮಯಾಮಿಯ ದಕ್ಷಿಣದ ಹೋಮ್‌ಸ್ಟೆಡ್ ಊರನ್ನು ನೆಲಸಮ ಮಾಡಿದ ಮೇಲೆ ಫ್ಲಾರಿಡಾ ಪಾಠ ಕಲಿಯಿತು. ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ನಿಯಮ 2002ರಲ್ಲಿ ಜಾರಿಗೆ ಬಂತು. ಅದರ ನಂತರ ಕಟ್ಟಿದ ಮನೆ ಸಿಕ್ಕರೆ ಒಳ್ಳೆಯದು. ಚಾವಣಿಯ ವಯಸ್ಸು ಕೇಳಿ. ಹದಿನೈದು ವರ್ಷ ದಾಟಿದ್ದರೆ ಇನ್ಶೂರೆನ್ಸ್‌ನವರು ತಕರಾರು ತೆಗೆಯುತ್ತಾರೆ. ಚಾವಣಿಯನ್ನು ಗೋಡೆಗೆ ಲೋಹದ ಪಟ್ಟಿಯಿಂದ ಬಿಗಿದಿದ್ದಾರಾ, ಕಿಟಕಿಗೆ ಶಟರ್ ಅಥವಾ ಹೊಡೆತ ತಡೆಯುವ ಇಂಪ್ಯಾಕ್ಟ್ ಗಾಜು ಇದೆಯಾ ಅಂತ ವಿಂಡ್ ಮಿಟಿಗೇಷನ್ ತಪಾಸಣೆ ಮಾಡಿಸಿದರೆ ಪ್ರೀಮಿಯಂ ಚೆನ್ನಾಗಿ ಇಳಿಯುತ್ತದೆ. 2024ರ ಅಕ್ಟೋಬರ್ 1ರಿಂದ, ಹಿಂದೆ ಫ್ಲಡ್ ಕ್ಲೇಮ್ ಹಾಕಿದ್ದರೆ ಮಾರುವವರು ಬರವಣಿಗೆಯಲ್ಲಿ ಹೇಳಲೇಬೇಕು. ಆ ಕಾಗದವನ್ನು ಓದದೆ ಸಹಿ ಮಾಡಬೇಡಿ. ಅಕ್ಕಪಕ್ಕದವರ ಬಾಗಿಲು ತಟ್ಟಿ ಹೆಲೀನ್ ದಿನ ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೇಳಿ. ಇಲ್ಲಿಯವರು ಬೇಜಾರು ಮಾಡಿಕೊಳ್ಳದೆ ಹೇಳುತ್ತಾರೆ, ಗೋಡೆಯ ಮೇಲೆ ಕೈ ಇಟ್ಟು ತೋರಿಸುತ್ತಾರೆ.

ಪ್ರವಾಹದ ವಲಯ ಬೇರೆ, ಊರು ಬಿಡಬೇಕಾದ ವಲಯ ಬೇರೆ. ಮೊದಲನೆಯದು ಇನ್ಶೂರೆನ್ಸ್‌ಗೆ, ಎರಡನೆಯದು ಜೀವಕ್ಕೆ. ಎರಡನೆಯದಕ್ಕೆ ಎ ಇಂದ ಇ ವರೆಗೆ ಅಕ್ಷರ ಇಟ್ಟಿದ್ದಾರೆ, ಎ ಮೊದಲು ಹೊರಡಬೇಕು. ಬಾಡಿಗೆ ಮನೆಗೂ ಇದನ್ನು ನೋಡಿಯೇ ಆರಿಸಿ. ನೀರಿನಿಂದ ಓಡಬೇಕು, ಗಾಳಿಗೆ ಗಟ್ಟಿ ಮನೆಯೊಳಗೆ ಅಡಗಿದರೆ ಸಾಕು ಅನ್ನುತ್ತಾರೆ ಇಲ್ಲಿ. ಓಡುವುದು ಅಂದರೆ ಅಟ್ಲಾಂಟಾದವರೆಗೆ ಅಲ್ಲ. ಇಪ್ಪತ್ತು ಮೈಲಿ ಒಳಗಿನ ಎತ್ತರದ ಜಾಗದಲ್ಲಿ ಗಟ್ಟಿ ಮನೆ ಇದ್ದರೆ ಆಯಿತು. ಮಿಲ್ಟನ್ ಹೊತ್ತಿಗೆ ಹೆದ್ದಾರಿಯಲ್ಲಿ ಸಿಕ್ಕಿಕೊಂಡು ಪೆಟ್ರೋಲ್ ಸಿಗದೆ ಒದ್ದಾಡಿದವರು ಎಷ್ಟೋ ಜನ. ಹೊರಡುವಾಗ ಪಾಸ್‌ಪೋರ್ಟ್, ಐ-797 (ವೀಸಾ ಅರ್ಜಿ ಮಂಜೂರಾದ) ಕಾಗದಗಳು, ಮಗಳ ಜನನ ಪತ್ರ ಒಂದು ಜಲನಿರೋಧಕ ಚೀಲದಲ್ಲಿ ಜೊತೆಗಿರಲಿ. ಬಾಡಿಗೆಗಿದ್ದರೂ ಸಾಮಾನಿಗೆ ಫ್ಲಡ್ ಪಾಲಿಸಿ ತಗೊಳ್ಳಬಹುದು. ಕಾರಿಗೆ ಕಾಂಪ್ರಹೆನ್ಸಿವ್ ಇದ್ದರೆ ನೀರಿಗೂ ಅನ್ವಯಿಸುತ್ತದೆ.

ಕಾಂಟ್ರಾಕ್ಟರ್‌ಗಳ ಬಗ್ಗೆ ಒಂದು ಮಾತು. ಬಿರುಗಾಳಿ ಆದ ಮರುದಿನವೇ ಬೇರೆ ರಾಜ್ಯದ ನಂಬರಿನ ಟ್ರಕ್ಕುಗಳು ಬೀದಿ ಬೀದಿ ಸುತ್ತುತ್ತವೆ. ರಾಜ್ಯದ ವೆಬ್‌ಸೈಟಿನಲ್ಲಿ ಲೈಸೆನ್ಸ್ ನೋಡದೆ ಒಂದು ಡಾಲರೂ ಕೊಡಬೇಡಿ. ನೀವು ಕಾಂಟ್ರಾಕ್ಟರ್‌ಗೆ ಪೂರ್ತಿ ಕೊಟ್ಟಿದ್ದರೂ, ಅವನು ಉಪಗುತ್ತಿಗೆಯವನಿಗೆ ಕೊಡದೆ ಹೋದರೆ ಆ ಬಾಕಿ ನಿಮ್ಮ ಮನೆಯ ಮೇಲೆ ಬೀಳಬಹುದು. ಅದಕ್ಕೆ ಲೀನ್ ಅನ್ನುತ್ತಾರೆ. ಪ್ರತಿ ಕಂತಿಗೂ ಅವರಿಂದ ಲೀನ್ ಬಿಡುಗಡೆ ಪತ್ರ ಬರೆಸಿಕೊಳ್ಳಿ.

ಬಾಡಿಗೆ ಮನೆ ನೋಡಲು ಯಾವ ವಾರ ಬರುತ್ತೀರಿ ಅಂತ ತಿಳಿಸಿ. ನಮ್ಮಲ್ಲೇ ಉಳಿಯಿರಿ, ಜೊತೆಗೆ ನಾನೂ ಬರುತ್ತೇನೆ. ಶೋರ್ ಏಕರ್ಸ್ ಮನೆಯ ಮೇಲೆ ಇನ್ನೂ ಮನಸ್ಸಿದ್ದರೆ ಏಜೆಂಟ್‌ಗೆ ಇವತ್ತೇ ಬರೆದು ಎಲಿವೇಷನ್ ಸರ್ಟಿಫಿಕೇಟ್ (ಮನೆಯ ನೆಲ ಎಷ್ಟು ಎತ್ತರದಲ್ಲಿದೆ ಅನ್ನುವ ಪ್ರಮಾಣಪತ್ರ), ಹಿಂದಿನ ಫ್ಲಡ್ ಕ್ಲೇಮುಗಳ ವಿವರ, ಹೆಲೀನ್ ನಂತರದ ರಿಪೇರಿ ಪರ್ಮಿಟ್‌ಗಳು, ಈ ಮೂರನ್ನೂ ತರಿಸಿಕೊಳ್ಳಿ. ಕೂತು ಒಟ್ಟಿಗೆ ನೋಡೋಣ.