ಲಿಂಕ್ಸ್ ಬ್ರೌಸರಿಗೆ ಎಚ್‌ಟಿಟಿಪಿಎಸ್ ಸೇರಿಸುವುದು

ಮಂಜೇಶ್ವರದ ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ನೀವೇ ಕಂಪೈಲ್ ಮಾಡಿದ (ಮೂಲ ಕೋಡಿನಿಂದ ಕಟ್ಟಿದ) ಲಿಂಕ್ಸ್ ಎಂಬ ಅಕ್ಷರ ಮಾತ್ರ ತೋರಿಸುವ ಬ್ರೌಸರು ಎಚ್‌ಟಿಟಿಪಿಎಸ್ ಪುಟಗಳನ್ನು, ಅಂದರೆ ಮಾಹಿತಿಯನ್ನು ಗುಟ್ಟಾಗಿ ಕಳಿಸುವ ಪುಟಗಳನ್ನು, ಮಾತ್ರ ತೆರೆಯುವುದಿಲ್ಲ ಅಂತ ಕೇಳಿದ್ದೀರಿ ಅಲ್ವಾ? 1992ರಲ್ಲಿ ಕನ್ಸಾಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಲಿಂಕ್ಸ್ ಅಂದುಕೊಂಡೇ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆದರೆ ಇದೇ ಹೆಸರಾಗುವ ಬೇರೊಂದು ಬ್ರೌಸರೂ ಇದೆ!

ಇದು ಸೆಟ್ಟಿಂಗ್ ಬದಲಿಸಿದರೆ ಸರಿಹೋಗುವುದಲ್ಲ. ಎಚ್‌ಟಿಟಿಪಿಎಸ್‌ನ ಗುಟ್ಟು ಕಾಯುವ ಕೆಲಸವನ್ನು ಲಿಂಕ್ಸ್ ತಾನು ಮಾಡುವುದಿಲ್ಲ, ಓಪನ್‌ಎಸ್‌ಎಸ್‌ಎಲ್ ಅಥವಾ ಗ್ನುಟಿಎಲ್‌ಎಸ್ ಎಂಬ ಲೈಬ್ರರಿಗೆ (ಬೇರೆ ಪ್ರೋಗ್ರಾಮುಗಳು ಬಳಸುವ ಸಿದ್ಧ ಕೋಡಿಗೆ) ಬಿಡುತ್ತದೆ. ಬರೀ ಲೈಬ್ರರಿ ಇದ್ದರೆ ಸಾಲದು, ಅದರ ಡೆವಲಪ್‌ಮೆಂಟ್ ಪ್ಯಾಕೇಜೂ ಬೇಕು. ಕಂಪೈಲ್ ಮಾಡುವಾಗ ಬೇಕಾಗುವ ಹೆಡರ್ ಫೈಲುಗಳಿರುವುದು ಅದರಲ್ಲೇ. ಇದು ಗೊತ್ತಿಲ್ಲದೆ ಕುಂಬಳೆಯಲ್ಲಿ ನಾನು ಒಂದಿಡೀ ಸಂಜೆ ಕಳೆದೆ. ಮಳೆಗೆ ಕರೆಂಟು ಬೇರೆ ಎರಡು ಸಲ ಹೋಯಿತು.

ಆಮೇಲೆ, ಓಪನ್‌ಎಸ್‌ಎಸ್‌ಎಲ್ ಬಳಸುವುದಾದರೆ, ಕಾನ್ಫಿಗರ್ ಮಾಡುವಾಗ (ಕಂಪೈಲಿಗೆ ಸಿದ್ಧಪಡಿಸುವಾಗ) ‘ವಿತ್-ಎಸ್‌ಎಸ್‌ಎಲ್’ (--with-ssl) ಆಯ್ಕೆ ಕೊಟ್ಟು ಮತ್ತೆ ಮೇಕ್ ಮಾಡಿ, ಅಂದರೆ ಕಂಪೈಲ್ ಮಾಡಿ. ಹೊಸ ಲಿಂಕ್ಸಿಗೆ ‘ವರ್ಶನ್’ (--version) ಆಯ್ಕೆ ಕೊಟ್ಟಾಗ ಓಪನ್‌ಎಸ್‌ಎಸ್‌ಎಲ್ ಹೆಸರು ಕಂಡರೆ ಸೇರಿದೆ ಅಂತ ಅರ್ಥ. ಆ ಓಪನ್‌ಎಸ್‌ಎಸ್‌ಎಲ್ 1.0.1ಕ್ಕಿಂತ ಹಳೆಯದಾದರೆ ಟಿಎಲ್‌ಎಸ್ 1.2 (ಎಚ್‌ಟಿಟಿಪಿಎಸ್ ಗುಟ್ಟು ಕಾಯಲು ಬಳಸುವ ನಿಯಮಾವಳಿ) ಬರುವುದಿಲ್ಲ, ಈಗಿನ ಹೆಚ್ಚಿನ ಸೈಟುಗಳು ತೆರೆಯುವುದಿಲ್ಲ.

ಸರ್ಟಿಫಿಕೇಟ್ (ಸೈಟು ಅಸಲಿ ಅಂತ ತೋರಿಸುವ ಪ್ರಮಾಣಪತ್ರ) ಬಗ್ಗೆ ತಕರಾರು ಬಂದರೆ ಸುಮ್ನೆ ‘ವೈ’ ಒತ್ತಿ ಮುಂದೆ ಹೋಗಬೇಡಿ. ಮೊದಲು ಲ್ಯಾಪ್‌ಟಾಪಿನ ತಾರೀಕು ನೋಡಿ. ಒಳಗಿನ ಸಣ್ಣ ಬ್ಯಾಟರಿ ಸತ್ತು 2010 ಅಂತ ತೋರಿಸುತ್ತಿದ್ದರೆ ಒಳ್ಳೆಯ ಸರ್ಟಿಫಿಕೇಟನ್ನೂ, ಅದರ ಅವಧಿ ಇನ್ನೂ ಶುರುವಾಗಿಲ್ಲ ಅಂದುಕೊಂಡು, ಲಿಂಕ್ಸ್ ನಂಬುವುದಿಲ್ಲ.